ಬೆಳ್ಳಿಯ ತಿರುವು

ಅದು ಶುರುವಾದದ್ದು ಆಶ್ವಯುಜದ ಮೊದಲಲ್ಲಿ. ಮಳೆ ಹಿಂದೆ ಸರಿದಿತ್ತು, ಬೆಟ್ಟದ ಮೈ ಮಾತ್ರ ಇನ್ನೂ ಹಸಿರಾಗಿತ್ತು. ಹೊತ್ತು ಹುಟ್ಟಿ ಒಂದು ಮಾರು ಮೇಲೆ ಬಂದಿರಬೇಕು. ನಾನು ಸೈಕಲ್ ಅಂಗಡಿಯ ತಟ್ಟಿ ತೆಗೆದು, ಪಂಪನ್ನು ಹೊರಗಿಟ್ಟು, ದಾರಿಹೋಕರ ಮಡಕೆಗೆ ನೀರು ತುಂಬುತ್ತಿದ್ದೆ. ಹಾಲಮ್ಮ ಗಂಡನ ಸೈಕಲ್ಲನ್ನು ತಳ್ಳಿಕೊಂಡು ಬಂದಳು. ತಳ್ಳಿಕೊಂಡು ಅಂದೆ, ಎಳೆದುಕೊಂಡು ಅನ್ನಬೇಕಿತ್ತು. ಹಿಂದಿನ ಟೈರು ನೆಲಕ್ಕೆ ಅಮುಕಿಕೊಂಡು ಚಪ್ಪಟೆಯಾಗಿತ್ತು. ಕ್ಯಾರಿಯರ್ ಮೇಲೆ ಏನೂ ಇರಲಿಲ್ಲ.

“ಬಂದು ಕೂತವ್ನೆ ಕಣಣ್ಣ,” ಅಂದಳು. “ಬೆಳಗ್ಗೆ ಎದ್ದು ನೋಡ್ತೀನಿ, ಹಿಂಗಾಗದೆ. ಗಾಳಿ ಹೊಡಿ.”

ಗಾಳಿ ಹೊಡೆದೆ. ಅವಳ ಗಂಡ ಕೆಂಚಪ್ಪ ಬದುಕಿದ್ದಾಗ ಆಳು ದಪ್ಪವೇನಲ್ಲ, ಆದರೆ ಮೂಳೆ ಗಟ್ಟಿ. ಪಂಪಿನ ಹಿಡಿ ಒತ್ತುವಾಗಲೇ ಗೊತ್ತಾಯಿತು. ಅವನ ತಿಥಿಯ ಊಟ ಮುಗಿದು ಮೂರು ನಾಲ್ಕು ದಿನವಾಗಿತ್ತಷ್ಟೆ.

ಮಣ್ಣು ಮಾಡುವುದು, ಎಡೆಯಿಡುವುದು ಎಲ್ಲ ಬೇರೆ ಊರುಗಳಂತೆಯೇ ನಮ್ಮಲ್ಲೂ ಇದೆ. ಅದಾದ ಮೇಲೆ ಹೋದವರ ಭಾರ ಬಂದು ಮನೆಯ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರುತ್ತದೆ. ಮನೆಯವರೊಬ್ಬರು ಅದನ್ನು ತುಳಿದುಕೊಂಡು ಬೆಟ್ಟ ಹತ್ತಿಸಿ, ತುದಿಯ ಬೋಳುಬಂಡೆಯ ಹತ್ತಿರ ಇಳಿಸಿ ಬರಬೇಕು. ಬರುವ ಅಮಾವಾಸ್ಯೆಯೊಳಗೆ ಆಗಬೇಕು. ಆಗದಿದ್ದರೆ ಭಾರ ಮತ್ತೆ ಮನೆಯೊಳಕ್ಕೆ ಹೋಗುತ್ತದೆ. ಮೇಲುಕೇರಿಯಲ್ಲಿ ಒಂದು ಮನೆಯ ಬಾಗಿಲು ಹಾಗೆ ಕುಸಿದು ಇವತ್ತಿಗೂ ಮುಚ್ಚಲು ಬರುವುದಿಲ್ಲ, ಅವರು ಗೋಣಿತಾಟು ಕಟ್ಟಿಕೊಂಡಿದ್ದಾರೆ. ಊರೊಳಗೆ ಬಿದ್ದರೂ ಎದ್ದರೂ ಬಾಧಕವಿಲ್ಲ, ಬೆಟ್ಟದ ರಸ್ತೆ ಹತ್ತುವಾಗ ಮಾತ್ರ ತುಳಿಯುವವರು ಕಾಲೂರಬಾರದು. ಎಲ್ಲಿ ಊರಿದರೋ ಅಲ್ಲೇ ಹೋದವರು ಇಳಿದುಬಿಡುತ್ತಾರೆ. ಮತ್ತೆ ಹತ್ತಿಸಿಕೊಳ್ಳುತ್ತೇವೆಂದರೆ ಹತ್ತುವುದಿಲ್ಲ.

ಹಾಗಾಗಿ ಆ ರಸ್ತೆಯ ತಿರುವುಗಳಿಗೆಲ್ಲ ಹೆಸರುಗಳಿವೆ. ಮೊದಲನೆಯದು ಪೈಲ್ವಾನನ ತಿರುವು. ಅವನ ಮಗ ಕಡ್ಡಿಯಂಥವನು, ಅಷ್ಟು ದೂರ ಹೋದದ್ದೇ ಹೆಚ್ಚು. ಆ ಮೇಲಿನದು ಅತ್ತೆಯ ತಿರುವು. ಸೊಸೆಯಂದಿರು ಅದರ ಹೆಸರು ಹೇಳುವಾಗ ಈಗಲೂ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಾರೆ, ಅಳುವುದಕ್ಕೋ ನಗುವುದಕ್ಕೋ ಗೊತ್ತಾಗುವುದಿಲ್ಲ. ಅರ್ಧ ಬೆಟ್ಟ ಹತ್ತಿದ ಮೇಲೆ ದೊಡ್ಡ ಗೋಣಿಮರವಿರುವ ಕಡೆ ಬೆಳ್ಳಿಯ ತಿರುವು. ಅಲ್ಲಿ ಹಾದುಹೋಗುವವರು ಗಂಟೆ ಬಾರಿಸುತ್ತಾರೆ, ಮಗುವಿಗೆ ಖುಷಿಯಾಗಲಿ ಅಂತ. ಬೆಳ್ಳಿ, ಹಾಲಮ್ಮ ಮತ್ತು ಕೆಂಚಪ್ಪನ ಒಬ್ಬಳೇ ಮಗಳು.

ಕೆಂಚಪ್ಪನದು ಮಂಡಕ್ಕಿ ಭಟ್ಟಿ. ಭತ್ತ ನೆನೆಸಿ, ಬೇಯಿಸಿ, ಅಂಗಳದಲ್ಲಿ ಒಣಗಿಸಿ, ಹುರಿದು, ಸಂತೆಯ ದಿನ ಇಬ್ಬರೂ ಒಂದೇ ಸೈಕಲ್ಲಿನಲ್ಲಿ ಹೊರಡುತ್ತಿದ್ದರು. ಹಾಲಮ್ಮ ಕ್ಯಾರಿಯರ್ ಮೇಲೆ ಒಂದೇ ಮಗ್ಗುಲಿಗೆ ಕೂತು, ಮಡಿಲಲ್ಲಿ ಮಂಡಕ್ಕಿ ಚೀಲ ಇಟ್ಟುಕೊಳ್ಳುತ್ತಿದ್ದಳು. ಅವಳದೊಂದು ಚಟವಿತ್ತು. ಸೈಕಲ್ ನಿಲ್ಲುವುದಕ್ಕೆ ಮೊದಲೇ ಟಣ್ಣನೆ ಹಾರಿ ಇಳಿದುಬಿಡುವುದು. ಕ್ಯಾರಿಯರ್ ಕುಣಿದು, ಕೆಂಚಪ್ಪನ ಹ್ಯಾಂಡಲ್ ಒಮ್ಮೆ ಆಚೀಚೆ ಆಡುತ್ತಿತ್ತು.

“ಒಂದಿನ ಕಾಲು ಮುರ್ಕೊಂತೀಯ ಕಣೆ ನೀನು,” ಅಂತ ಅವನು ಪ್ರತಿ ಸಲ ಅನ್ನುವುದು.

“ನೀನು ನಿಲ್ಸೋಗಂಟ ಕಾದ್ರೆ ಸಂತೆ ಮುಗ್ದೋಯ್ತದೆ,” ಅಂತ ಅವಳು ಪ್ರತಿ ಸಲ ಅನ್ನುವುದು. ನನ್ನ ಅಂಗಡಿಯ ಮುಂದೆಯೇ ಇದು ಎಷ್ಟು ಸಲ ನಡೆದಿದೆಯೋ.

ಬೆಳ್ಳಿ ಹೋದದ್ದು ಜ್ವರದಲ್ಲಿ, ಶಾಲೆಗೆ ಸೇರಿಸಿದ ವರ್ಷ. ಆ ಸಲ ಕೆಂಚಪ್ಪ ಸೈಕಲ್ ತಂದಾಗ ಟೈರು ಅಮುಕಿದ್ದೇ ಕಾಣಲಿಲ್ಲ. ಬೆರಳಲ್ಲಿ ಒತ್ತಿ ನೋಡಿ ಭಾರ ಕೂತಿದೆ ಅಂತ ಹೇಳಬೇಕಾಯಿತು. ಹೂವಿನ ಬುಟ್ಟಿಯಷ್ಟು. ಮಗುವಿನ ಭಾರವನ್ನು ಯಾರಾದರೂ ತುದಿ ಮುಟ್ಟಿಸುತ್ತಾರೆ, ಅದರಲ್ಲಿ ಅನುಮಾನವೇ ಇರಲಿಲ್ಲ. ಹತ್ತುವವರ ಹಿಂದೆ ಒಬ್ಬ ಬೇರೆ ಸೈಕಲ್ಲಿನಲ್ಲಿ ಹೋಗುವ ಪದ್ಧತಿಯಿದೆ. ಮುಟ್ಟುವ ಹಾಗಿಲ್ಲ, ತಳ್ಳುವ ಹಾಗಿಲ್ಲ, ಮುಂದಿನವನ ಕಾಲನ್ನು ನೋಡುತ್ತ ಹೋಗಬೇಕು, ಅಷ್ಟೆ. ಬೆಟ್ಟದ ಬುಡದಲ್ಲಿ ಅಂಗಡಿ ಇಟ್ಟುಕೊಂಡವನೆಂದು ಆ ಕೆಲಸ ಬಹಳ ವರ್ಷ ನನ್ನದೇ ಆಗಿತ್ತು. ಅವತ್ತೂ ನಾನೇ ಹೋದೆ. ಗೋಣಿಮರದ ತಿರುವಿನಲ್ಲಿ, ಕಣಿವೆಯ ಕಡೆಯ ಅಂಚಿನಲ್ಲಿ, ಕೆಂಚಪ್ಪನ ಎಡಗಾಲು ಪೆಡಲ್ ಬಿಟ್ಟು ನೆಲಕ್ಕೆ ಬಂತು. ಅವನಿಗೆ ಏದುಸಿರು ಕೂಡ ಇರಲಿಲ್ಲ. ಅಲ್ಲೇ ಸ್ವಲ್ಪ ಹೊತ್ತು ನಿಂತು, ತಲೆ ತಗ್ಗಿಸಿ, ಸೈಕಲ್ ತಿರುಗಿಸಿದ.

ತುದಿಗೆ ಹೋದವರು ಬಂಡೆಯ ಬುಡದ ಹುಲ್ಲು ಕಿತ್ತು ಹ್ಯಾಂಡಲಿಗೆ ಕಟ್ಟಿಕೊಂಡು ಬರುತ್ತಾರೆ. ಕೆಂಚಪ್ಪ ಬೋಳು ಹ್ಯಾಂಡಲಿನಲ್ಲಿ ಬೀದಿಯೊಳಗೆ ಬಂದ. ಹೆಂಗಸರು ಹಾಲಮ್ಮನನ್ನು ಅಂಗಳದ ನುಗ್ಗೆ ಮರದ ಬುಡದಲ್ಲಿ ಕೂರಿಸಿಕೊಂಡಿದ್ದರು. ಅವಳು ಮೊದಲು ನೋಡಿದ್ದು ಹ್ಯಾಂಡಲನ್ನು.

“ಯಾಕೆ?” ಅಂದಳು.

“ಕಾಲು ಸೋತ್ವು,” ಅಂದ.

ಅವತ್ತಿನಿಂದ ಅವಳು ಅವನ ಕ್ಯಾರಿಯರ್ ಮೇಲೆ ಕೂರಲಿಲ್ಲ. ಸಂತೆಗೆ ನಡೆದು ಹೋಗುವಳು. ಅವನೂ ತುಳಿಯದೆ, ಚೀಲ ಹೇರಿದ ಸೈಕಲ್ಲನ್ನು ಅವಳ ಪಕ್ಕದಲ್ಲಿ ತಳ್ಳಿಕೊಂಡು ಹೋಗುವನು. ಮಾತು ಬಿಟ್ಟಿರಲಿಲ್ಲ. ಉಪ್ಪು ತಾ, ಸೌದೆ ಮುಗೀತು, ಇಂಥ ಮಾತೆಲ್ಲ ಇತ್ತು. ಊರಿಗೆ ಅದು ಅಭ್ಯಾಸವಾಯಿತು. ಇಪ್ಪತ್ತು ವರ್ಷಕ್ಕೂ ಮೇಲೆ ನೋಡಿ, ಆ ಇಬ್ಬರು ಹಾಗೇ ನಡೆದರು.

ಅದಕ್ಕಿಂತ ದೊಡ್ಡ ಜಗಳ ಆಗಿದ್ದು ನುಗ್ಗೆ ಮರದ್ದು. ಮಗುವನ್ನು ಇಳಿಸಿ ಬಂದ ಮಾರನೆಯ ವಾರ ಕೆಂಚಪ್ಪ ಕೊಡಲಿ ತಂದು ಆ ಮರವನ್ನು ಬುಡಮಟ್ಟ ಕಡಿದುಹಾಕಿದ. ಬೆಳ್ಳಿ ಅದರ ಹೂವು ಆರಿಸಿ ತೆಂಗಿನ ಚಿಪ್ಪಿನಲ್ಲಿ ಅಡುಗೆಯಾಟ ಆಡುತ್ತಿದ್ದಳು.

“ಮಗು ಹೋಯ್ತು, ಮಗು ಆಡಿದ್ ಮರಾನೂ ಬ್ಯಾಡಾಯ್ತಾ ನಿಂಗೆ?” ಅಂತ ಹಾಲಮ್ಮ ಬೀದಿಗೆ ಕೇಳುವಂತೆ ಕೂಗಿದಳು.

“ಭತ್ತ ಒಣಗಾಕೆ ಬಿಸ್ಲು ಬೇಕು,” ಅಂದನಂತೆ.

ನುಗ್ಗೆ ಸುಮ್ಮನಿರುವ ಮರವಲ್ಲ. ಪ್ರತಿ ವರ್ಷ ಮೋಟಿನಿಂದ ಚಿಗುರು ಏಳುವುದು, ಪ್ರತಿ ವರ್ಷ ಅವನು ಚಿವುಟುವುದು. ಕೇರುವುದು, ಆರಿಸುವುದು ಯಾವುದನ್ನೂ ಜಗಲಿಯಲ್ಲಿ ಮಾಡಗೊಡುತ್ತಿರಲಿಲ್ಲ. ಒಳಗೆ ಕತ್ತಲೆ, ಅಂಗಳದಲ್ಲಿ ಕೂತು ಮಾಡು ಅನ್ನುವನು. ಬೆಳಗ್ಗೆ ಎದ್ದು ತಾನೇ ಅಂಗಳ ಗುಡಿಸುವನು. ಮಗಳನ್ನು ಅರ್ಧ ದಾರಿಯಲ್ಲಿ ಬಿಟ್ಟವನಿಗೆ ತಲೆ ನೆಟ್ಟಗಿಲ್ಲ ಅಂತ ನಾವೆಲ್ಲ ಅಂದುಕೊಂಡೆವು.

ಈಗ ಅವನು ಅವಳ ಸೈಕಲ್ಲಿನ ಹಿಂದೆ ಕೂತಿದ್ದ. ಕೆಂಚಪ್ಪನ ಅಣ್ಣನ ಮಗ ಈರಣ್ಣ ಒಳ್ಳೆ ಗಟ್ಟಿ ಕಾಲಿನ ಹುಡುಗ. ಅಂಗಡಿಗೆ ಬಂದು, “ಚಿಕ್ಕವ್ವ, ನಾನು ತುಳೀತೀನಿ ಬಿಡು,” ಅಂದ.

“ನೀನು ನಿಮ್ಮಪ್ಪನ್ನ ಹತ್ತಿಸುವಂತೆ. ಇವ್ನು ನನ್ನೋನು.”

“ನಿಂಗೆ ಸೈಕಲ್ ಬರಲ್ವಲ್ಲ ಚಿಕ್ಕವ್ವ.”

“ಕಲೀತೀನಿ. ದೀಪಾವಳಿ ಅಮಾಸೆ ಇನ್ನೂ ಐತಲ್ಲ.” ಅವನು ಹೋದ ಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದಳು: “ಹೂವಿನಂಥ ಮಗೀನ ಇವ್ನು ಅರ್ಧ ದಾರೀಲಿ ಇಳ್ಸಿ ಬಂದ. ಈ ಕಲ್ಲಿನಂಥೋನ್ನ ನಾನು ತುದಿ ಮುಟ್ಟುಸ್ತೀನಿ. ಆಗ ತಿಳ್ಕೊಳ್ಲಿ ಇವ್ನು, ಕಾಲು ಸೋಲೋದು ಅಂದ್ರೆ ಏನು ಅಂತ.”

ಅಲ್ಲಿಯವರೆಗೆ ನಮ್ಮೂರಲ್ಲಿ ಹೆಂಗಸರು ಆ ರಸ್ತೆ ಹತ್ತಿದ್ದಿಲ್ಲ. ಬೇಡ ಅಂತ ಯಾರೂ ಹೇಳಿರಲಿಲ್ಲ, ಹತ್ತಿರಲಿಲ್ಲ ಅಷ್ಟೆ. ಹಾಲಮ್ಮನಿಗೆ ಐವತ್ತರ ಹತ್ತಿರ. ಸೀರೆಯನ್ನು ಕಚ್ಚೆ ಹಾಕಿ, ನನ್ನ ಬಾಡಿಗೆ ಸೈಕಲ್ಲಿನಲ್ಲಿ ಮೊದಲು ಕಲಿತಳು. ನಾನು ಸೀಟು ಹಿಡಿದು ಓಡಬೇಕು, ನನಗೋ ಮಂಡಿ ನೋವು. ಮೊದಲ ದಿನ ಹುಲ್ಲಿನ ಮೆದೆಗೆ ಹೋಗಿ ನುಗ್ಗಿದಳು. ಎರಡನೆಯ ದಿನ ನನ್ನ ನೀರಿನ ಮಡಕೆ ಹೋಯಿತು. ಬಟ್ಟೆ ಒಗೆಯಲು ಹೋಗುವ ಹೆಂಗಸರು ನಿಂತು ನೋಡುವರು.

“ಹಾಲಕ್ಕ, ಗಂಡನ್ನ ಕೂರಿಸ್ಕೊಂಡು ಎಲ್ಲಿಗೆ ಸವಾರಿ?”

“ನಿನ್ ಗಂಡನ್ನೂ ಕಳ್ಸು, ಮುಂದಿನ ಬಾರ್ ಮೇಲೆ ಜಾಗ ಐತೆ.”

ಬ್ಯಾಲೆನ್ಸ್ ಬಂದ ಮೇಲೆ ಕೆಂಚಪ್ಪನ ಸೈಕಲ್ ಹತ್ತಿದಳು. ಹತ್ತಿದ ಕೂಡಲೇ ಹಿಂದಕ್ಕೆ ವಾಲಿ ಬಿದ್ದಳು. ಬಿದ್ದಲ್ಲೇ ಕೂತು ಕ್ಯಾರಿಯರ್ ಕಡೆ ನೋಡಿ, “ನಾನು ಕೂತಾಗ ಹಿಂಗೆ ಎಳೀತಿದ್ನಾ ನಿನ್ನ?” ಅಂದಳು. ಮೊಣಕೈ ತರಚಿ ರಕ್ತ ಬರುತ್ತಿತ್ತು. ಸೆರಗಿನಿಂದ ಒತ್ತಿಕೊಂಡು ಮತ್ತೆ ಎದ್ದಳು. ಕೆರೆಯ ಏರಿ, ಶಾಲೆಯ ದಿಣ್ಣೆ, ಅಕ್ಕಸಾಲಿ ಬೀದಿಯ ಏರು, ಹೀಗೆ ಒಂದೊಂದಾಗಿ ಹತ್ತಿಸಿದಳು.

ಹೊರಟದ್ದು ಅಮಾವಾಸ್ಯೆಯ ಹಿಂದಿನ ಬೆಳಗ್ಗೆ, ಊರಲ್ಲಿ ಎಣ್ಣೆ ಸ್ನಾನದ ಹೊಗೆ ಏಳುತ್ತಿದ್ದಾಗ. ಚಪ್ಪಲಿಯನ್ನು ನನ್ನ ಅಂಗಡಿಯಲ್ಲಿ ಬಿಟ್ಟಳು. ನಾನು ಹಿಂದಾದೆ, ನನ್ನ ಕಣ್ಣು ಅವಳ ಕಾಲಿನ ಮೇಲಿತ್ತು. ಕಾಲುಂಗುರ ತೆಗೆದ ಬೆರಳುಗಳಲ್ಲಿ ಬಿಳಿಯ ಗೆರೆ ಇನ್ನೂ ಉಳಿದಿತ್ತು. ಆ ಗೆರೆ ಮೇಲೆ ಬರುವುದು, ಕೆಳಗೆ ಹೋಗುವುದು. ಚೈನು ಕಿರ್ರ್ ಅನ್ನುವುದು. ಇಷ್ಟೇ ಬಹಳ ಹೊತ್ತು.

ಗಂಡಸರು ಹತ್ತುವಾಗ ಸೀಟು ಬಿಟ್ಟು ಎದ್ದು ತುಳಿಯುತ್ತಾರೆ, ಬೆಟ್ಟದ ಗೋಡೆಗೆ ಒತ್ತಿಕೊಂಡು ಹೋಗುತ್ತಾರೆ. ಆಚೆ ಕಡೆ ಕಣಿವೆ, ಭಯ. ಹಾಲಮ್ಮನಿಗೆ ಎದ್ದು ತುಳಿಯಲು ಬರುತ್ತಿರಲಿಲ್ಲ. ರಸ್ತೆಯ ಈ ಅಂಚಿನಿಂದ ಆ ಅಂಚಿಗೆ, ಆ ಅಂಚಿನಿಂದ ಈ ಅಂಚಿಗೆ ಓರೆಯಾಗಿ ಹಾವು ಹರಿದಂತೆ ಹತ್ತುತ್ತಿದ್ದಳು. ಹಾಗೆ ಹತ್ತಿದರೆ ದಾರಿ ಉದ್ದವಾಗುತ್ತದೆ, ಏರು ಸ್ವಲ್ಪ ತಗ್ಗುತ್ತದೆ. ಪೈಲ್ವಾನನ ತಿರುವಿನಲ್ಲಿ ಎಲ್ಲರ ಸೈಕಲ್ಲೂ ಒಂದು ಗಳಿಗೆ ತಡೆಯುತ್ತದೆ, ಅವಳದೂ ತಡೆಯಿತು. “ದಾರಿ ಬಿಡಪ್ಪ, ಹೆಂಗಸು,” ಅಂದಳು. ಸೈಕಲ್ ಮುಂದಕ್ಕೆ ಹೋಯಿತು.

ಅತ್ತೆಯ ತಿರುವು ದಾಟುವಾಗ ಬೆನ್ನಿನ ರವಿಕೆ ಪೂರ್ತಿ ನೆಂದಿತ್ತು. ಮಂಡಿಯ ಕೆಳಗೆ ನರಗಳು ಎದ್ದು ಕುಣಿಯುತ್ತಿದ್ದವು. ಬಾಯಿ ತೆರೆದು ಉಸಿರು ಎಳೆಯುತ್ತಿದ್ದಳು. ನಾನು, “ಹಾಲಕ್ಕ, ಆದಷ್ಟು ಸಾಕು,” ಅಂದೆ.

“ಬಾಯಿ ಮುಚ್ಕೊಂಡು ಬಾ ತಿಪ್ಪಣ್ಣ.”

ಊರಿನ ಪಟಾಕಿ ಸದ್ದು ಅಲ್ಲಿಗೆ ಭಟ್ಟಿಯಲ್ಲಿ ಮಂಡಕ್ಕಿ ಸಿಡಿದಂತೆ ಕೇಳುತ್ತಿತ್ತು. ಗೋಣಿಮರ ಕಂಡಿತು. ನಾನು ರೂಢಿಯಂತೆ ಗಂಟೆ ಬಾರಿಸಿದೆ. ಅವಳು ಬಾರಿಸಲಿಲ್ಲ. ಮಗು ಇರುವ ಜಾಗಕ್ಕೆ ಅವಳು ಬಂದದ್ದು ಅದೇ ಮೊದಲು. ಮುಖ ಗಟ್ಟಿ ಮಾಡಿಕೊಂಡು ದಾಟಿಬಿಡಬೇಕು ಅಂತಲೇ ಇದ್ದಳು ಅನ್ನಿಸುತ್ತದೆ, ತುಳಿತ ಜೋರಾಯಿತು. ಓರೆ ಹೋಗುತ್ತ ಹೋಗುತ್ತ ಕಣಿವೆಯ ಕಡೆಯ ಅಂಚಿಗೆ, ಮರದ ಬೊಡ್ಡೆಗೂ ತಡೆಗಲ್ಲಿಗೂ ನಡುವಿನ ಸಂದಿಗೆ ಬಂದಳು. ಅಲ್ಲಿ ಅವಳ ಕಾಲಿನ ಲಯ ತಪ್ಪಿತು.

ಕಾಲು ಮಾತ್ರ ಇನ್ನೂ ಊರಿರಲಿಲ್ಲ. ಹ್ಯಾಂಡಲ್ ತಿರುಗಿಸಿ ಆ ತಿರುವಿನಲ್ಲೇ ಸುತ್ತು ಹೊಡೆಯಲು ಶುರು ಮಾಡಿದಳು. ಗೋಣಿಮರದ ಮುಂದೆ ರಸ್ತೆ ಸ್ವಲ್ಪ ಅಗಲ, ಸ್ವಲ್ಪ ಸಮ. ಒಂದು ಸುತ್ತು ಬಂದಳು, ಆ ಸಂದಿಯ ಹತ್ತಿರ ನಿಧಾನ ಮಾಡಿ ಕೆಳಗೆ ನೋಡಿದಳು. ಮತ್ತೊಂದು ಸುತ್ತು. ಮತ್ತೊಂದು. ನನಗೆ ತಲೆ ತಿರುಗಿತು. ನಾನು ಸೈಕಲ್ ನಿಲ್ಲಿಸಿ ಇಳಿದೆ, ಹಿಂದಿನವನು ಇಳಿದರೆ ಬಾಧಕವಿಲ್ಲ.

“ಏನಾಯ್ತು ಹಾಲಕ್ಕ?”

“ಅಂಗಳ ಕಾಣ್ತದೆ ಕಣಣ್ಣ,” ಅಂದಳು. “ನಮ್ಮನೆ ಅಂಗಳ.”

ಹೋಗಿ ನೋಡಿದೆ. ಎಷ್ಟೋ ಸಲ ಆ ದಾರಿಯಲ್ಲಿ ಹೋಗಿದ್ದೆ, ಎಲ್ಲ ಸಲವೂ ಇನ್ನೊಬ್ಬರ ಕಾಲು ನೋಡುತ್ತ. ತುಳಿಯುವವರು ರಸ್ತೆ ನೋಡುತ್ತಾರೆ, ಇಳಿಯುವವರು ಬ್ರೇಕು ನೋಡುತ್ತಾರೆ. ಆ ಸಂದಿಯಲ್ಲಿ ಕೆಳಗೆ, ಮಧ್ಯದಲ್ಲಿ ಯಾವ ಮರವೂ ಅಡ್ಡ ಬರದಂತೆ, ಹಾಲಮ್ಮನ ಮನೆಯ ಅಂಗಳ ಅಂಗೈಯಷ್ಟು ಕಾಣುತ್ತಿತ್ತು. ಒಣಗಲು ಹರವಿದ ಭತ್ತ ಹಳದಿಯಾಗಿತ್ತು. ಕಾವಲಿಗೆ ಕೂತ ಪಕ್ಕದ ಮನೆಯ ಮುದುಕಿ ಕೋಳಿ ಓಡಿಸುವುದು ಕೂಡ ಕಾಣುತ್ತಿತ್ತು. ಬೇರೆ ಯಾವ ಮನೆಯೂ ಅಲ್ಲಿಂದ ಕಾಣುವುದಿಲ್ಲ. ತುದಿಯ ಬೋಳುಬಂಡೆಯಿಂದಂತೂ ಊರೇ ಕಾಣುವುದಿಲ್ಲ, ಬೆಟ್ಟದ ಬೆನ್ನು ಅಡ್ಡ. ಅಲ್ಲಿಂದ ಕಾಣುವುದು ಆಚೆಯ ಬಯಲು.

ಅವಳು ಸುತ್ತುತ್ತಲೇ ಇದ್ದಳು. ಸುತ್ತಿಗೊಂದೊಂದು ಮಾತು ಬರುತ್ತಿತ್ತು.

“ಅವತ್ತು ನಾನು ನುಗ್ಗೆ ಮರದ ಬುಡದಲ್ಲಿ ಕೂತಿದ್ದೆ. ಮರ ಅಡ್ಡ, ಅರ್ಧನೇ ಕಂಡಿರ್ಬೇಕು ಅವ್ನಿಗೆ.”

ಒಂದು ಸುತ್ತು.

“ಅದ್ಕೇ ಕಡ್ದ.”

ಇನ್ನೊಂದು ಸುತ್ತು. ಸೈಕಲ್ ವಾಲಾಡುತ್ತಿತ್ತು, ತೊಡೆಗಳು ನಡುಗುತ್ತಿದ್ದವು.

“ಹೇಳ್ಬೋದಿತ್ತಲ್ಲ,” ಅಂದೆ ನಾನು.

“ಹೇಳಿದ್ರೆ ನಾನು ಅಂಗಳ ಬಿಟ್ಟು ಒಳಕ್ಕೆ ಬರ್ತಿದ್ನಾ? ಅನ್ನ ಬೇಯಿಸ್ತಿದ್ನಾ? ಬೆಟ್ಟ ನೋಡ್ಕೊಂಡು ಅಲ್ಲೇ ಒಣಗೋಗ್ತಿದ್ದೆ. ಗೊತ್ತಿತ್ತು ಅವ್ನಿಗೆ.” ಮೂಗು ಒರೆಸಿಕೊಳ್ಳಲು ಕೈ ಬಿಡುವಷ್ಟು ಸೈಕಲ್ ಅವಳಿಗೆ ಬರುತ್ತಿರಲಿಲ್ಲ. ಕಣ್ಣೀರು ಗದ್ದದಿಂದ ಹ್ಯಾಂಡಲ್ ಮೇಲೆ ಬೀಳುತ್ತಿತ್ತು. “ಅವ್ಳು ನನ್ನ ನೋಡ್ಲಿ ಅಂತ ಮಾಡ್ದ. ನಾನು ಅವ್ಳನ್ನ ಕಾಯ್ತಾ ಕೂರ್ದೆ ಇರ್ಲಿ ಅಂತ ಬಾಯಿ ಮುಚ್ಕೊಂಡ. ಅವ್ನ ಕ್ಯಾರಿಯರ್ ಮ್ಯಾಲೆ ಆಮ್ಯಾಲೆ ನಾನು ಒಂದಿನಾನೂ ಕೂರ್ಲಿಲ್ವಲ್ಲ ತಿಪ್ಪಣ್ಣ.”

ಮೇಲೆ ಇನ್ನೂ ಅರ್ಧ ದಾರಿ ಇತ್ತು. ಅವಳ ಕಾಲಲ್ಲಿ ಇನ್ನೂ ಶಕ್ತಿ ಇತ್ತೋ ಇಲ್ಲವೋ, ಹಠ ಇತ್ತು. ಮನಸ್ಸು ಮಾಡಿದ್ದರೆ ಅವಳು ಹೋಗಿಯೇ ಹೋಗುತ್ತಿದ್ದಳು. ಕೊನೆಯ ಸುತ್ತಿನಲ್ಲಿ ಆ ಸಂದಿಯ ಎದುರಿಗೆ ಬಂದು, ಬೆಳ್ಳಿ ಇಳಿದ ಜಾಗ ಅದೇ ತಾನೆ ಎಂಬಂತೆ ನನ್ನ ಮುಖ ನೋಡಿದಳು. ತಲೆಯಾಡಿಸಿದೆ. ಬಿಳಿ ಗೆರೆಯ ಬೆರಳುಗಳು ಪೆಡಲ್ ಬಿಟ್ಟು ಮೆಲ್ಲಗೆ ಮಣ್ಣಿಗೆ ಊರಿದವು. ಅಮುಕಿಕೊಂಡಿದ್ದ ಹಿಂದಿನ ಟೈರು, ಉಸಿರು ಎಳೆದುಕೊಂಡಂತೆ ಉಬ್ಬಿತು.

“ಮಗೀನ ನೋಡ್ಕೊ,” ಅಂದಳು ಮರದ ಕಡೆಗೆ. ಆಮೇಲೆ ನನಗೆ, “ನೀನು ಯಾರ್ಗೂ ಹೇಳ್ಬ್ಯಾಡ. ಇಲ್ಲಿಂದ ಊರಿನ ಒಂದು ಅಂಗಳನಾದ್ರೂ ಕಾಣ್ತದೆ ಅಂತ ಗೊತ್ತಾದ್ರೆ ಎಲ್ರೂ ಇಲ್ಲೇ ತಂದು ಇಳ್ಸ್ತಾರೆ. ಅವೆರಡಕ್ಕೂ ಕೂರಾಕೆ ಜಾಗ ಇರಲ್ಲ.”

ಬೋಳು ಹ್ಯಾಂಡಲಿನಲ್ಲಿ ಬೀದಿಯೊಳಗೆ ಬಂದಾಗ ಬಾಗಿಲು ಬಾಗಿಲಲ್ಲೂ ಜನ ನಿಂತಿದ್ದರು. ಹಬ್ಬದ ದಿನವಾದ್ದರಿಂದ ಎಲ್ಲರೂ ಮನೆಯಲ್ಲೇ ಇದ್ದರು. “ನೀನೂ ಅಷ್ಟೇನಾ ಹಾಲಕ್ಕ?” ಅಂತ ಯಾರೋ ಕೇಳಿದರು. “ಹೂಂ, ಕಾಲು ಸೋತ್ವು,” ಅಂದಳು. ಈರಣ್ಣ ಎರಡು ತಿಂಗಳು ಅವಳ ಮನೆ ಕಡೆ ತಿರುಗಿ ನೋಡಲಿಲ್ಲ.

ಸೈಕಲ್ಲನ್ನು ತಂದು ನನ್ನ ಅಂಗಡಿಯಲ್ಲೇ ನಿಲ್ಲಿಸಿದಳು. “ಇಲ್ಲೇ ಇರ್ಲಿ, ಮನೇಲಿ ಯಾರು ತುಳಿಯೋರು,” ಅಂದಳು. ಆಮೇಲೆ ಅವಳಿಗೆ ಒಂದು ಹೊಸ ರೂಢಿ ಬಂತು. ದಿನವೂ ಬೆಳಗ್ಗೆ ಪೆಟ್ಟಿಗೆಯಿಂದ ಒಂದು ಸೀರೆ ತೆಗೆದು ಅಂಗಳದಲ್ಲಿ ಅಗಲಕ್ಕೆ ಹರವುವಳು. ಇವತ್ತು ಕೆಂಪು, ನಾಳೆ ಹಸಿರು, ಹಬ್ಬಕ್ಕೆ ಮದುವೆಯ ಅರಿಶಿನದ್ದು. ಒಗೆದದ್ದೇನಲ್ಲ, ಒಣಗಿಸುವುದಕ್ಕೆ ಏನಿರುತ್ತಿತ್ತು. ನುಗ್ಗೆ ಮೋಟಿನ ಚಿಗುರನ್ನು ತಾನೇ ಚಿವುಟುವಳು. ಗಂಡನ ಹುಚ್ಚು ಹೆಂಡತಿಗೆ ಹತ್ತಿತು ಅಂತ ಜನ ಆಡಿಕೊಂಡರು. ನಾನು ಮಡಕೆಗೆ ನೀರು ತುಂಬುತ್ತಿದ್ದೆ.

ಹೀಗೆ ಕೆಲವು ವರ್ಷ ನಡೆಯಿತು. ಒಂದು ಚಳಿಗಾಲದಲ್ಲಿ ಅವಳಿಗೆ ಕೆಮ್ಮು ಹಿಡಿಯಿತು, ಬಿಡಲಿಲ್ಲ. ತಿಥಿಯಾದ ಮೇಲೆ ಒಂದು ಬೆಳಗ್ಗೆ ತಟ್ಟಿ ತೆಗೆದರೆ, ಮೂಲೆಯ ಸೈಕಲ್ಲಿನ ಹಿಂದಿನ ಟೈರು ಒಂದಿಷ್ಟು ಅಮುಕಿಕೊಂಡಿತ್ತು. ಒಂದಿಷ್ಟೇ. ಕೊನೆಕೊನೆಗೆ ಅವಳು ಏನೂ ತಿನ್ನುತ್ತಿರಲಿಲ್ಲ.

ಈರಣ್ಣ ಬಂದ. “ಮಾವ, ಈ ವಯಸ್ಸಲ್ಲಿ ನೀನು ಬ್ಯಾಡ. ನಾನು ತುದಿ ಮುಟ್ಟುಸ್ತೀನಿ.”

“ಅವ್ಳು ನನ್ನ ಅಂಗಡೀಲಿ ಕೂತವ್ಳೆ. ನೀನು ಹಿಂದೆ ಬಾ,” ಅಂದೆ.

ಹಾಲಮ್ಮನಂತೆಯೇ ಓರೆ ಓರೆಯಾಗಿ ಹತ್ತಿದೆ. ಎದೆ ಹೊಡೆದುಕೊಂಡಿತು, ಮಂಡಿ ಚುಚ್ಚಿತು, ಆದರೂ ನನಗಿದ್ದ ಚಿಂತೆ ಬೇರೆ. ಗೋಣಿಮರಕ್ಕೆ ಮುಂಚೆ ಕಾಲು ಸೋತರೆ ಅವಳು ಒಂದು ತಿರುವು ಕೆಳಗೆ ಉಳಿದುಬಿಡುತ್ತಾಳೆ. ಈರಣ್ಣ ಹಿಂದಿನಿಂದ ನನ್ನ ಕಾಲು ನೋಡುತ್ತ ಬರುತ್ತಿದ್ದ. ಮರ ಕಂಡಿತು. ಗಂಟೆ ಬಾರಿಸಿದೆ. ಸಂದಿಯ ಹತ್ತಿರ ನಿಧಾನ ಮಾಡಿ, ಕಾಲೂರೋಣ ಅಂತ ಪೆಡಲ್ ಸಡಿಲ ಬಿಟ್ಟೆ. ಸೈಕಲ್ ಇನ್ನೂ ಚಲಿಸುತ್ತಿತ್ತು. ಟಣ್ಣನೆ ಕ್ಯಾರಿಯರ್ ಕುಣಿಯಿತು. ಹ್ಯಾಂಡಲ್ ಒಮ್ಮೆ ಆಚೀಚೆ ಆಡಿತು. ನಾನು ಕಾಲೂರುವುದಕ್ಕೆ ಮೊದಲೇ ಅವಳು ಇಳಿದಾಗಿತ್ತು.

ಆಮೇಲೆ ಕಾಲೂರಿ ನಿಂತು ಕೆಳಗೆ ನೋಡಿದೆ. ಅಂಗಳದಲ್ಲಿ ಸೀರೆ ಇರಲಿಲ್ಲ. ಅವಳು ಹಾಸಿಗೆ ಹಿಡಿದ ಮೇಲೆ ಮೋಟಿನಿಂದ ನುಗ್ಗೆ ಮೂರು ನಾಲ್ಕು ಕವಲು ಎದ್ದು ಆಳೆತ್ತರ ಬೆಳೆದಿತ್ತು. ಇನ್ನು ಅದನ್ನು ಯಾರೂ ಚಿವುಟಬೇಕಾಗಿಲ್ಲ.

“ಮಾವ, ಟೈರು ಹಗುರಾಗಿದ್ದು ನೀನು ಕಾಲೂರೋಕೆ ಮುಂಚೆ. ನಾನೇ ನೋಡ್ದೆ,” ಅಂದ ಈರಣ್ಣ. “ಹಂಗೆಂಗಾಯ್ತು?”

“ಅವ್ಳು ಯಾವತ್ತೂ ಹಂಗೇ ಇಳಿಯೋದು,” ಅಂದೆ.

ಊರಲ್ಲಿ ಅದನ್ನು ಯಾರೂ ನಂಬಲಿಲ್ಲ. ಮುದುಕನ ಕಾಲು ಸೋತವು, ಹುಡುಗ ಮುಚ್ಚಿಹಾಕುತ್ತಾನೆ ಅಂದರು. ಈಗ ಆ ಮನೆಯಲ್ಲಿ ಬೇರೆಯವರಿದ್ದಾರೆ, ನುಗ್ಗೆಯ ನೆರಳಲ್ಲಿ ಹಗ್ಗದ ಮಂಚ ಹಾಕಿಕೊಂಡಿದ್ದಾರೆ, ಮೇಲಿಂದ ಅಂಗಳ ಕಾಣುವುದಿಲ್ಲ, ಆದ್ದರಿಂದ ಹೇಳಿದೆ. ಹಾಲಮ್ಮ ಇಳಿದದ್ದು ಮಾಘದಲ್ಲಿ, ಒಂದು ಗುರುವಾರ, ಬಿಸಿಲು ಅಂಗಳಕ್ಕೆ ಬರುವ ಹೊತ್ತಿಗೆ.